ಮುಚ್ಚಳ ಬಿಚ್ಚುವ ಮುನ್ನ: ಕೆಟ್ಟ ವಿದ್ಯುತ್ ಉಪಕರಣದ ದೋಷವನ್ನು ಮನೆಯಲ್ಲೇ ಪತ್ತೆಹಚ್ಚುವ ಕ್ರಮ

ಇಸ್ತ್ರಿ ಪೆಟ್ಟಿಗೆ ಕಾಯದಿದ್ದರೆ, ಮಿಕ್ಸಿ ತಿರುಗದಿದ್ದರೆ, ಫ್ಯಾನಿನ ವೇಗ ಇಳಿದರೆ ಅನೇಕರು ತಕ್ಷಣ ಸ್ಕ್ರೂ ಡ್ರೈವರ್ ಹುಡುಕಲು ಹೊರಡುತ್ತಾರೆ. ಅದು ಎಲ್ಲಕ್ಕಿಂತ ಕೊನೆಗೆ ಬೇಕಾಗುವ ಸಾಧನ. ಮನೆಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹಳಷ್ಟು ಉಪಕರಣದ ಹೊರಗೇ ಇರುತ್ತವೆ: ಸಾಕೆಟ್‌ನ ಹಿಡಿತ ಸಡಿಲವಾಗಿರುತ್ತದೆ, ಪ್ಲಗ್ಗಿನೊಳಗೆ ತಂತಿ ಕಳಚಿರುತ್ತದೆ, ಸದಾ ಬಾಗುವ ಜಾಗದಲ್ಲಿ ವೈರು ಒಳಗೊಳಗೇ ತುಂಡಾಗಿರುತ್ತದೆ. ಆದ್ದರಿಂದ ವಿದ್ಯುತ್ತು ಬರುವ ದಾರಿಯನ್ನೇ ಹಿಡಿದು, ಮೇನ್ ಬೋರ್ಡಿನಿಂದ ಸಾಕೆಟ್‌ಗೆ, ಸಾಕೆಟ್‌ನಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ವೈರಿಗೆ ಒಂದೊಂದೇ ಹಂತವನ್ನು ಖಚಿತಪಡಿಸಿಕೊಳ್ಳುತ್ತಾ ಬಂದು, ಉಳಿದೆಲ್ಲವೂ ಸರಿಯಿದೆ ಎಂದು ತಿಳಿದ ಮೇಲೆಯೇ ಉಪಕರಣದ ಮುಚ್ಚಳಕ್ಕೆ ಕೈ ಹಾಕುವುದು ಸರಿಯಾದ ಕ್ರಮ. ಈ ಕ್ರಮದಲ್ಲಿ ಅಪಾಯವೂ ಕಡಿಮೆ, ವೃಥಾ ಖರ್ಚೂ ಕಡಿಮೆ. ಮೈಸೂರು ಮತ್ತು ಮಂಡ್ಯದ ಮನೆಗಳನ್ನು ಗಮನದಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲಿ ಕೈ ತೆಗೆದು ಮೆಕ್ಯಾನಿಕ್‌ನನ್ನು ಕರೆಯಬೇಕು ಎಂಬುದನ್ನೂ ಅಲ್ಲಲ್ಲಿ ಹೇಳಲಾಗಿದೆ.

ಮೊದಲಿಗೆ ಎದುರಿಗಿರುವ ಶಕ್ತಿ ಎಂಥದ್ದು ಎಂಬ ಅಂದಾಜು ಇರಬೇಕು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ವಿದ್ಯುತ್ತು. ಮನುಷ್ಯನ ಎದೆಯ ಮೂಲಕ ಕೆಲವು ಹತ್ತು ಮಿಲಿ ಆಂಪಿಯರ್ ಹರಿದರೂ ಹೃದಯದ ಬಡಿತ ತಪ್ಪಬಹುದು. ಅದಕ್ಕಿಂತ ಕಡಿಮೆಯಲ್ಲೇ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದಂತಾಗುತ್ತದೆ. ಹಳೆಯ ಕಾಲದ 40 ವಾಟ್‌ನ ಬಲ್ಬು ಉರಿಯುವಾಗ ಅದರಲ್ಲಿ ಹರಿಯುವುದು ಸುಮಾರು 170 ಮಿಲಿ ಆಂಪಿಯರ್. ಅಂದರೆ ಒಂದು ಮಂದ ಬಲ್ಬಿಗೆ ಬೇಕಾಗುವಷ್ಟು ಕರೆಂಟು ಜೀವ ತೆಗೆಯುವುದಕ್ಕೆ ಧಾರಾಳವಾಗಿ ಸಾಕು. "ಸಣ್ಣ ಉಪಕರಣ, ಏನೂ ಆಗುವುದಿಲ್ಲ" ಎಂಬ ಮಾತಿಗೆ ಆಧಾರವೇ ಇಲ್ಲ.

ಕರೆಂಟು ನಿಜವಾಗಿ ನಿಂತಿದೆಯೇ?

ಪ್ಲಗ್ ಇರುವ ಉಪಕರಣವಾದರೆ ಸ್ವಿಚ್ ಆರಿಸುವುದಷ್ಟೇ ಸಾಲದು, ಪ್ಲಗ್ಗನ್ನು ಸಾಕೆಟ್‌ನಿಂದ ಹೊರಗೆ ತೆಗೆದು, ಕೆಲಸ ಮಾಡುವವರ ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಸ್ವಿಚ್ಚನ್ನು ಫೇಸ್ ತಂತಿಗೆ (ಕರೆಂಟು ತರುವ ತಂತಿ) ಹಾಕುವ ಬದಲು ನ್ಯೂಟ್ರಲ್ ತಂತಿಗೆ (ಕರೆಂಟು ಹಿಂದಿರುಗುವ ತಂತಿ) ಹಾಕಿರುವ ಮನೆಗಳು ಇವೆ. ಅಲ್ಲಿ ಸ್ವಿಚ್ ಆರಿಸಿದರೂ ಉಪಕರಣದೊಳಗೆ ಫೇಸ್ ಹಾಗೆಯೇ ಉಳಿದಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ರಾತ್ರಿಯೆಲ್ಲಾ ಮಿಣುಕುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು, ಪರೀಕ್ಷಿಸಿ ನೋಡಬೇಕು.

ಫ್ಯಾನು, ದೀಪ, ಸ್ವಿಚ್ ಬೋರ್ಡು ಇವುಗಳ ಕೆಲಸಕ್ಕೆ ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಈ ಹಂತದಲ್ಲಿ ಯುಪಿಎಸ್ ಇರುವ ಮನೆಯವರು ವಿಶೇಷವಾಗಿ ಎಚ್ಚರದಿಂದಿರಬೇಕು. ಮೇನ್ ಇಳಿಸಿದ ಕೂಡಲೇ ಯುಪಿಎಸ್ ಅದನ್ನು ಕರೆಂಟು ಹೋದದ್ದೆಂದೇ ಭಾವಿಸಿ, ಬ್ಯಾಟರಿಯಿಂದ 230 ವೋಲ್ಟ್ ತಯಾರಿಸಿ ಅದೇ ಫ್ಯಾನು, ಅದೇ ದೀಪದ ತಂತಿಗಳಿಗೆ ಕಳಿಸತೊಡಗುತ್ತದೆ. ಮೇನ್ ಇಳಿಸಿದ್ದೇನೆ ಎಂಬ ಧೈರ್ಯದಲ್ಲಿ ಏಣಿ ಹತ್ತಿದವರಿಗೆ ಶಾಕ್ ಹೊಡೆಯುವುದು ಹೀಗೆ. ಆದ್ದರಿಂದ ಮೊದಲು ಯುಪಿಎಸ್‌ನ ಸ್ವಿಚ್ ಆರಿಸಿ, ಅದರಿಂದ ಮನೆಯ ವೈರಿಂಗ್‌ಗೆ ಹೋಗುವ ಪ್ಲಗ್ಗನ್ನು ತೆಗೆದು, ಅನಂತರ ಮೇನ್ ಇಳಿಸಬೇಕು. ಮನೆಯವರಿಗೆಲ್ಲಾ ತಿಳಿಸಿ, ಬೋರ್ಡಿನ ಮೇಲೆ ಚೀಟಿ ಅಂಟಿಸುವುದು ಅತಿಯಾದ ಎಚ್ಚರವೇನಲ್ಲ. ಒಳಗಿನಿಂದ ಬಂದವರೊಬ್ಬರು ಕತ್ತಲಾಯಿತೆಂದು ಮೇನ್ ಏರಿಸಿಬಿಡುವುದು ಎಲ್ಲ ಮನೆಗಳಲ್ಲೂ ನಡೆಯಬಹುದಾದ ಸಂಗತಿ.

ಇಷ್ಟಾದ ಮೇಲೂ ಟೆಸ್ಟರ್ ಇಟ್ಟು ನೋಡಬೇಕು. ಕರೆಂಟು ಇರುವುದು ಖಚಿತವಾದ ಒಂದು ಸಾಕೆಟ್‌ನಲ್ಲಿ ಮೊದಲೇ ಟೆಸ್ಟರ್ ಹತ್ತುತ್ತದೆಯೇ ಎಂದು ನೋಡಿಕೊಂಡು, ಅನಂತರ ಕೆಲಸದ ಜಾಗದಲ್ಲಿ ಪರೀಕ್ಷಿಸಿ, ಕೊನೆಗೆ ಮತ್ತೊಮ್ಮೆ ಕರೆಂಟಿರುವ ಜಾಗದಲ್ಲಿ ಪರೀಕ್ಷಿಸುವುದು ಉತ್ತಮ. ಟೆಸ್ಟರೇ ಕೆಟ್ಟಿದ್ದರೆ ಅದು ಹತ್ತದಿರುವುದಕ್ಕೆ ಯಾವ ಅರ್ಥವೂ ಇರುವುದಿಲ್ಲ. ಕೈ ಒಣಗಿರಬೇಕು, ಕಾಲಿಗೆ ರಬ್ಬರಿನ ಚಪ್ಪಲಿ ಇರಬೇಕು, ಉಂಗುರ, ಬಳೆ, ವಾಚುಗಳನ್ನು ತೆಗೆದಿಡಬೇಕು. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಈ ಕೆಲಸಕ್ಕೆ ಕೂರಬೇಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಹಿಡಿಗೆ ಇನ್ಸುಲೇಷನ್ ಇರುವ ಸ್ಕ್ರೂ ಡ್ರೈವರ್‌ಗಳು, ಕಟಿಂಗ್ ಪ್ಲೇಯರ್, ಟೆಸ್ಟರ್, ವೋಲ್ಟನ್ನೂ ಓಮ್ ಲೆಕ್ಕದ ವಿದ್ಯುತ್ ತಡೆಯನ್ನೂ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಮೈಸೂರಿನ ಶಿವರಾಂಪೇಟೆಯಲ್ಲಾಗಲಿ, ಮಂಡ್ಯದ ಪೇಟೆಬೀದಿಯಲ್ಲಾಗಲಿ ಇವೆಲ್ಲವೂ ಸಿಗುತ್ತವೆ. ಮಲ್ಟಿಮೀಟರ್ ಕೊಳ್ಳುವಾಗ ಅಗ್ಗದ್ದನ್ನೇ ನೋಡದೆ, ಅದರ ಮೇಲೆ ಸುರಕ್ಷತೆಯ ದರ್ಜೆಯಾಗಿ ಕ್ಯಾಟ್ 3, 600 ವೋಲ್ಟ್ ಎಂದು ನಮೂದಾಗಿರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅದರ ಕಡ್ಡಿಗಳ ವೈರಿನಲ್ಲಿ ಸೀಳು ಕಂಡರೆ ಅಂದೇ ಬದಲಿಸಬೇಕು. ಓಮ್ ಅಥವಾ ಬೀಪ್ ಗುರುತಿನಲ್ಲಿಟ್ಟ ಮಲ್ಟಿಮೀಟರನ್ನು ಎಂದಿಗೂ ಕರೆಂಟಿರುವ ಸಾಕೆಟ್‌ಗೆ ತೂರಿಸಬಾರದು.

ಸಾಕೆಟ್‌ನಲ್ಲಿ ಏನಿದೆ?

ಉಪಕರಣ ಓಡದಿದ್ದಾಗ ಮೊದಲು ಅದೇ ಸಾಕೆಟ್‌ಗೆ ಬೇರೊಂದು ಉಪಕರಣವನ್ನೂ, ಅನಂತರ ಅದೇ ಉಪಕರಣವನ್ನು ಬೇರೊಂದು ಸಾಕೆಟ್‌ಗೂ ಹಾಕಿ ನೋಡಬೇಕು. ಶಾಕ್ ಕೊಟ್ಟ, ಹೊಗೆ ಬಂದ ಅಥವಾ ಎಂಸಿಬಿಯನ್ನು (ಕರೆಂಟು ಮಿತಿ ಮೀರಿದಾಗ ತಾನಾಗಿ ಆರುವ ಸ್ವಿಚ್) ಬೀಳಿಸಿದ ಉಪಕರಣಕ್ಕೆ ಮಾತ್ರ ಈ ಪರೀಕ್ಷೆ ಸಲ್ಲದು. ದೋಷ ಯಾವ ಕಡೆಗಿದೆ ಎಂಬುದು ಇಷ್ಟರಲ್ಲೇ ತಿಳಿದುಬಿಡುತ್ತದೆ. ದೋಷ ಸಾಕೆಟ್‌ನ ಕಡೆಗಿದ್ದರೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ಅತಿ ಹೆಚ್ಚಿನ ಅಳತೆಗೆ ಇಟ್ಟು, ಕಡ್ಡಿಗಳ ಲೋಹದ ತುದಿಗೆ ಬೆರಳು ತಾಗದಂತೆ ಹಿಡಿದು ಅಳೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 216ರಿಂದ 244 ವೋಲ್ಟ್‌ವರೆಗೆ ಇರಬಹುದು. ಫೇಸ್ ಮತ್ತು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ) ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಅಲ್ಲಿ ತೀರಾ ಕಡಿಮೆ ಬಂದರೆ ಸಾಕೆಟ್‌ಗೆ ಅರ್ಥಿಂಗ್ ಇಲ್ಲ ಅಥವಾ ಕಿತ್ತುಹೋಗಿದೆ ಎಂದು ತಿಳಿಯಬೇಕು.

ಟೆಸ್ಟರನ್ನು ಎರಡೂ ರಂಧ್ರಗಳಿಗೆ ಇಟ್ಟಾಗ ಎರಡರಲ್ಲೂ ಹತ್ತಿದರೆ, ಆದರೂ ಉಪಕರಣ ಓಡದಿದ್ದರೆ, ನ್ಯೂಟ್ರಲ್ ತಂತಿ ಎಲ್ಲೋ ಕಡಿದಿದೆ ಎಂದರ್ಥ. ಒಂದು ಬೋರ್ಡಿಗೆ ಮಾತ್ರ ಹೀಗಾದರೆ ಅದು ಮನೆಯ ವೈರಿಂಗ್‌ನ ತೊಂದರೆ. ಆದರೆ ಮನೆಯ ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಂತೆ ಉರಿದು, ಪಕ್ಕದ ಮನೆಯಲ್ಲಿ ಮಂದವಾಗಿದ್ದರೆ, ಟ್ರಾನ್ಸ್‌ಫಾರ್ಮರ್ ಕಡೆಯ ನ್ಯೂಟ್ರಲ್ ಹೋಗಿರುವ ಸಂಭವವಿದೆ. ಆಗ ಮನೆಗೆ 230ರ ಬದಲು 400 ವೋಲ್ಟ್‌ನ ಸಮೀಪದವರೆಗೆ ನುಗ್ಗಬಹುದು. ಯೋಚಿಸುತ್ತಾ ನಿಲ್ಲದೆ ಮೇನ್ ಇಳಿಸಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ, ವಿದ್ಯುತ್ ದೂರಿನ 1912 ಸಂಖ್ಯೆಗೆ ಕರೆ ಮಾಡಬೇಕು. ಮೈಸೂರು, ಮಂಡ್ಯ ಎರಡೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೇ ಬರುತ್ತವೆ. ಕಂಬದಿಂದ ಮೀಟರ್‌ವರೆಗಿನ ಯಾವ ಕೆಲಸಕ್ಕೂ, ಮೀಟರಿನ ಸೀಲಿಗೂ ನಾವು ಕೈ ಹಾಕುವಂತಿಲ್ಲ.

ಮೈಸೂರಿನ ಅಗ್ರಹಾರ, ಚಾಮುಂಡಿಪುರಂ, ಒಂಟಿಕೊಪ್ಪಲಿನಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ವೈರಿಂಗ್, ಪಿಂಗಾಣಿಯ ಫ್ಯೂಸ್, ಅರ್ಥ್ ರಂಧ್ರವಿಲ್ಲದ ಸಾಕೆಟ್‌ಗಳು ಇನ್ನೂ ಉಳಿದಿದ್ದರೆ, ಅಲ್ಲಿ ಉಪಕರಣದ ರಿಪೇರಿಗಿಂತ ಮೊದಲು ವೈರಿಂಗ್‌ನ ಚಿಂತೆ ಮಾಡಬೇಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ಎಳೆಗಳನ್ನು ಕಟ್ಟುವ ಅಭ್ಯಾಸ ಬಹಳ ಕೆಟ್ಟದ್ದು. ಆಗ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ತಂತಿ ಸುಡುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ರಂಧ್ರದ ಸಾಕೆಟ್‌ಗೆ ಹೇಗೋ ಕೂರಿಸುವುದೂ ಅಷ್ಟೇ ಕೆಟ್ಟದ್ದು. ಪ್ಲಗ್ಗಿನ ದಪ್ಪನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು, ಕರೆಂಟು ತಾಗುವುದಕ್ಕೆ ಮೊದಲೇ ಅರ್ಥ್ ತಾಗಲಿ ಎಂಬ ಕಾರಣಕ್ಕೆ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಆರುವ ಸ್ವಿಚ್) ಹಾಕಿಸುವುದು ಈ ಲೇಖನದ ಎಲ್ಲ ಸಲಹೆಗಳಿಗಿಂತ ದೊಡ್ಡ ರಕ್ಷಣೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿದಾಗ ಅದು ಕೆಳಗೆ ಬೀಳಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದುಕೊಂಡವರನ್ನು ಮಾತ್ರ ಅದು ಕಾಪಾಡಲಾರದು.

ಇಸ್ತ್ರಿ ಪೆಟ್ಟಿಗೆ: ಕ್ರಮವನ್ನು ಕಲಿಯಲು ತಕ್ಕ ಉಪಕರಣ

ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವುದು ವೈರು, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಕಾಯುವ ಎಲಿಮೆಂಟ್ ಮತ್ತು ಒಂದು ಸೂಚಕ ದೀಪ ಮಾತ್ರ. ಪ್ಲಗ್ ತೆಗೆದು, ಪೆಟ್ಟಿಗೆ ಪೂರ್ತಿ ಆರಿದ ಮೇಲೆ, ಥರ್ಮೋಸ್ಟಾಟ್ ತಿರುಗುಗುಂಡಿಯನ್ನು ಹೆಚ್ಚಿನ ಕಡೆಗೆ ತಿರುಗಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳಿಗೆ ಕಡ್ಡಿ ತಾಗಿಸಬೇಕು. 1000 ವಾಟ್‌ನ ಪೆಟ್ಟಿಗೆಯಾದರೆ ಸುಮಾರು 53 ಓಮ್, 750 ವಾಟ್‌ನದಾದರೆ ಸುಮಾರು 70 ಓಮ್ ಬರಬೇಕು. ಈ ಲೆಕ್ಕ ಕಷ್ಟದ್ದಲ್ಲ: 230ನ್ನು 230ರಿಂದ ಗುಣಿಸಿ, ಬಂದದ್ದನ್ನು ವಾಟ್‌ನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ನೀರು ಕಾಯಿಸುವ ಕಾಯಿಲ್ಲಿಗೂ ಇದೇ ಲೆಕ್ಕ.

ಯಾವ ಅಂಕಿಯೂ ಬಾರದಿದ್ದರೆ ದಾರಿ ಎಲ್ಲೋ ಕಡಿದಿದೆ. ಆಗ ಕಡ್ಡಿಗಳನ್ನು ಪಿನ್ನಿಗೆ ತಾಗಿಸಿಟ್ಟುಕೊಂಡೇ, ವೈರು ಪೆಟ್ಟಿಗೆಯೊಳಗೆ ಹೋಗುವ ಜಾಗವನ್ನು ಇನ್ನೊಬ್ಬರಿಂದ ಮೆಲ್ಲಗೆ ಆಚೀಚೆ ಬಾಗಿಸಿ ನೋಡಬೇಕು. ಬಾಗಿಸಿದಾಗ ಅಂಕಿ ಮೂಡಿ, ಬಿಟ್ಟಾಗ ಮಾಯವಾದರೆ ಕಡಿದಿರುವುದು ಅಲ್ಲೇ. ಇಸ್ತ್ರಿ ಮಾಡುವಾಗ ಸಾವಿರಾರು ಸಲ ಬಾಗುವ ಆ ಒಂದು ಗೇಣು ಜಾಗದಲ್ಲಿ, ನೂಲಿನ ಹೊದಿಕೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದರೂ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ಮುರಿದು, ಕೊನೆಗೆ ಉಳಿದ ಎರಡು ಮೂರು ಎಳೆಗಳು ಕಾದು ಕಪ್ಪಗಾಗಿರುತ್ತವೆ.

ಕಡಿದ ಜಾಗಕ್ಕೆ ಟೇಪು ಸುತ್ತಿ ಮುಂದುವರಿಯಬಾರದು, ವೈರನ್ನೇ ಬದಲಿಸಬೇಕು. ಐಎಸ್‌ಐ ಗುರುತಿರುವ, ಒಳಗೆ ಮೂರು ತಂತಿಗಳಿರುವ, 0.75 ಚದರ ಮಿಲಿಮೀಟರಿನ ಇಸ್ತ್ರಿ ವೈರನ್ನೇ ತರಬೇಕು. ದೀಪಕ್ಕೆ ಬಳಸುವ ಪಿವಿಸಿ ವೈರು ಬಿಸಿ ತಳಕ್ಕೆ ತಾಗಿದರೆ ಕರಗುತ್ತದೆ. ಹಿಂಬದಿಯ ಸಣ್ಣ ಮುಚ್ಚಳ ತೆಗೆದ ಕೂಡಲೇ ಯಾವ ಬಣ್ಣದ ತಂತಿ ಎಲ್ಲಿತ್ತು ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಕಂದು ಬಣ್ಣದ್ದು ಫೇಸ್, ನೀಲಿಯದು ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಅರ್ಥ್ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟರೆ, ವೈರು ಎಂದಾದರೂ ಜಗ್ಗಿ ಕಿತ್ತುಬಂದಾಗ ಅದು ಕೊನೆಗೆ ಕಳಚುತ್ತದೆ. ಎಳೆಗಳನ್ನು ಬಿಗಿಯಾಗಿ ಹೊಸೆದು, ಸ್ಕ್ರೂ ತಿರುಗುವ ದಿಕ್ಕಿನಲ್ಲೇ ಸುತ್ತಿ ಬಿಗಿಯಬೇಕು. ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡರೂ ಅದು ಲೋಹದ ಮೈಗೆ ತಾಗಬಹುದು. ವೈರನ್ನು ಅಮುಕಿ ಹಿಡಿಯುವ ಪಟ್ಟಿಯನ್ನು ಮರೆಯದೆ ಕೂರಿಸಬೇಕು.

ವೈರು ಸರಿಯಿದ್ದು ಎಲಿಮೆಂಟೇ ಕಡಿದಿದ್ದರೆ ರಿಪೇರಿ ಅಂಗಡಿಗೆ ಒಯ್ಯುವುದು ಮೇಲು.

ಮಿಕ್ಸಿ ಮತ್ತು ಫ್ಯಾನು

ಉಪ್ಸಾರಿನ ಖಾರವನ್ನೋ ಗಟ್ಟಿ ಚಟ್ನಿಯನ್ನೋ ರುಬ್ಬುತ್ತಿರುವಾಗ ಮಿಕ್ಸಿ ತಟ್ಟನೆ ನಿಂತರೆ ಅದು ಕೆಟ್ಟಿತೆಂದು ತೀರ್ಮಾನಿಸಬಾರದು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಜಾರ್ ಇಳಿಸಿ, ಮಿಕ್ಸಿಯನ್ನು ಮಗುಚಿ ನೋಡಿದರೆ ತಳದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಹೊರೆ ಮೀರಿದಾಗ ಮೋಟಾರನ್ನು ಉಳಿಸಲು ಅದು ತಾನಾಗಿ ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಅದನ್ನು ಒಳಗೆ ಒತ್ತಿದರೆ ಅನೇಕ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಗುಂಯ್ ಎಂಬ ಸದ್ದು ಬಂದು ತಿರುಗದಿದ್ದರೆ ಜಾರ್ ಇಲ್ಲದೆ ಒಂದು ಕ್ಷಣ ಓಡಿಸಿ ನೋಡಬೇಕು. ಬರಿಯ ಮೋಟಾರ್ ತಿರುಗಿದರೆ ತೊಂದರೆ ಇರುವುದು ಜಾರಿನ ಬ್ಲೇಡಿನ ಅಚ್ಚು ತಿರುಗುವ ಬುಷ್‌ನಲ್ಲಿ. ಆ ಬುಷ್ ಸವೆದು ಜಾರಿನ ತಳದಿಂದ ನೀರು ಸೋರುತ್ತಿದ್ದರೆ ತಡ ಮಾಡದೆ ಬದಲಿಸಬೇಕು, ಏಕೆಂದರೆ ಆ ನೀರು ನೇರವಾಗಿ ಮೋಟಾರಿಗೆ ಇಳಿಯುತ್ತದೆ.

ಗಾಳಿ ಕಿಂಡಿಯಿಂದ ನೋಡಿದಾಗ ನೀಲಿ ಕಿಡಿಗಳು ಹೆಚ್ಚಾಗಿ ಕಂಡರೆ, ಅಥವಾ ತಟ್ಟಿದಾಗ ಓಡಿ ಮತ್ತೆ ನಿಂತರೆ, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಇದನ್ನು ತಾಳ್ಮೆಯುಳ್ಳವರು ಮನೆಯಲ್ಲೇ ಬದಲಿಸಬಹುದು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯ ಜೋಡಿ ತರಬೇಕು, ಒಂದನ್ನಷ್ಟೇ ಬದಲಿಸಬಾರದು. ಹೊಸದು ಗೂಡಿನೊಳಗೆ ಸ್ಪ್ರಿಂಗ್‌ನ ಒತ್ತಡಕ್ಕೆ ಸರಾಗವಾಗಿ ಜಾರಬೇಕು. ವೈಂಡಿಂಗ್ (ಮೋಟಾರಿನ ತಂತಿಯ ಸುರುಳಿ) ಸುಟ್ಟ ವಾಸನೆ ಬಂದಿದ್ದರೆ ಮಾತ್ರ ಬ್ರಷ್‌ಗೆ ಹಣ ಹಾಕುವುದು ದಂಡ.

ಚಾವಣಿಯ ಫ್ಯಾನು ನಿಧಾನವಾಗಿದ್ದರೆ, ಅಥವಾ ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುತ್ತಿದ್ದರೆ, ಬಹುತೇಕ ಅದು ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್‌ನ ದೋಷ. ಆದರೆ ಮೊದಲು ವೋಲ್ಟೇಜ್ ಅಳೆಯಬೇಕು. 170 ವೋಲ್ಟ್ ಬರುತ್ತಿರುವ ಹಳ್ಳಿಯ ಮನೆಯಲ್ಲಿ ಹೊಸ ಕೆಪಾಸಿಟರ್ ಹಾಕಿದರೂ ಫ್ಯಾನು ವೇಗ ಹಿಡಿಯುವುದಿಲ್ಲ. ವೋಲ್ಟೇಜ್ ಸರಿಯಿದ್ದರೆ ಯುಪಿಎಸ್, ಮೇನ್ ಎರಡನ್ನೂ ಆರಿಸಿ, ಗಟ್ಟಿ ಏಣಿಯ ಮೇಲೆ ನಿಂತು, ಮೇಲಿನ ಬಟ್ಟಲನ್ನು ಇಳಿಸಿದರೆ ಬೆರಳಿನ ಗಾತ್ರದ ಕೆಪಾಸಿಟರ್ ಕಾಣುತ್ತದೆ. ಅದರಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಹೋಲ್ಡರಿಗೆ ಹಾಕಿದ ಒಂದು ಹಳೆಯ ಬಲ್ಬಿನ ಎರಡು ವೈರುಗಳನ್ನು ಅದರ ಎರಡು ತುದಿಗಳಿಗೆ ತಾಗಿಸಿ ಬರಿದು ಮಾಡಬೇಕು. ಸಾಮಾನ್ಯವಾಗಿ ಅದರ ಮೇಲೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಬರೆದಿರುತ್ತದೆ. ಬರೆದಿರುವುದಕ್ಕೂ ಮಲ್ಟಿಮೀಟರ್ ತೋರಿಸುವುದಕ್ಕೂ ಬಹಳ ಅಂತರವಿದ್ದರೆ ಬದಲಿಸಬೇಕು. ಫ್ಯಾನು ಇನ್ನೂ ಜೋರಾಗಲೆಂದು ಹೆಚ್ಚಿನ ಅಂಕಿಯ ಕೆಪಾಸಿಟರ್ ಹಾಕಬಾರದು, ಅದರಿಂದ ವೈಂಡಿಂಗ್ ಮಿತಿಮೀರಿ ಬಿಸಿಯಾಗಬಹುದು.

ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ಅದರ ತುದಿಯ ದೀಪವನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಾ ಗುಂಡಿ ಒತ್ತಬೇಕು. ಕಣ್ಣಿಗೆ ಕಾಣದ ಬೆಳಕು ಹೆಚ್ಚಿನ ಕ್ಯಾಮೆರಾಗಳಲ್ಲಿ ಮಿನುಗುತ್ತದೆ. ಮಿನುಗಿದರೆ ರಿಮೋಟ್ ಸರಿಯಿದೆ. ರೌಟರ್, ಸೆಟ್‌ಟಾಪ್ ಬಾಕ್ಸ್ ಸತ್ತಂತೆ ಕಂಡರೆ ಅಡಾಪ್ಟರ್ ಅಳೆಯಬೇಕು. ಬದಲಿ ಅಡಾಪ್ಟರ್‌ನ ವೋಲ್ಟ್ ಮತ್ತು ಪ್ಲಸ್-ಮೈನಸ್ ಕ್ರಮ ಹಳೆಯದರಂತೆಯೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು.

ಕೈ ಹಾಕಬಾರದ ಉಪಕರಣಗಳು

ಮೈಕ್ರೋವೇವ್ ಓವನ್ನನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್‌ನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಹಳೆಯ ಡಬ್ಬದಂಥ ಟಿವಿಯ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟ್‌ಗಿಂತ ಹೆಚ್ಚು ಹೋಗುತ್ತದೆ. ಇಂಡಕ್ಷನ್ ಒಲೆ, ಎಲ್‌ಇಡಿ ಟಿವಿ, ಕಂಪ್ಯೂಟರಿನ ಪವರ್ ಸಪ್ಲೈಗಳಲ್ಲಿ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿಯಾಗಿ ಕೂತಿರುತ್ತದೆ. ಹೊಸ ಫ್ರಿಜ್‌ಗಳಲ್ಲಿ ಹಲವಕ್ಕೆ ತುಂಬಿರುವ ಆರ್ 600ಎ ಅನಿಲ ಬೆಂಕಿ ಹಿಡಿಯುವಂಥದ್ದು. ಆದ್ದರಿಂದ ಫ್ರಿಜ್ಜಿನ ಪೈಪಿಗೆ ಕೈ ಹಚ್ಚಬಾರದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಎರಡೂ ಅಪಾಯ.

ಗೀಸರ್ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ಸ್ನಾನದ ಮನೆಯ ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ಎಲಿಮೆಂಟ್ ಸೀಳಿ, ಕರೆಂಟು ನೀರಿಗೆ ಇಳಿದಿರುವ ಸಾಧ್ಯತೆ ಇದೆ. ಕೊಳವೆಬಾವಿಯ ಗಡಸು ನೀರು ಬಳಸುವ ಕಡೆ ಎಲಿಮೆಂಟಿನ ಮೇಲೆ ಸುಣ್ಣದ ಪದರ ಕಟ್ಟಿ ಅದು ಬೇಗ ಸೀಳುತ್ತದೆ. ಕೂಡಲೇ ಎಂಸಿಬಿ ಇಳಿಸಿ, ಎಲಿಮೆಂಟನ್ನೂ ಮನೆಯ ಅರ್ಥಿಂಗನ್ನೂ ಒಟ್ಟಿಗೆ ಪರೀಕ್ಷಿಸಿ ಸರಿಪಡಿಸುವವರೆಗೆ ಮತ್ತೆ ಏರಿಸಬಾರದು. ಬಕೆಟ್ಟಿಗೆ ಇಳಿಸುವ ಕಾಯಿಲ್ಲಿನ ವಿಷಯದಲ್ಲಿ, ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಮುನ್ನ ಪ್ಲಗ್ ಹೊರಗೆ ಬಂದಿರಲೇಬೇಕು, ಬಕೆಟ್ ಪ್ಲಾಸ್ಟಿಕ್ಕಿನದಾಗಿದ್ದರೂ ಸರಿ.

ವಾಷಿಂಗ್ ಮಷಿನ್ ಕೆಲಸ ನಿಲ್ಲಿಸಿದಾಗ ಪ್ಲಗ್ ತೆಗೆದು ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ, ಇಲಿ ಕಡಿದ ವೈರು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ದಸರೆಗೆಂದು ಅಟ್ಟದಿಂದ ಇಳಿಸುವ ಸೀರಿಯಲ್ ಸೆಟ್‌ಗಳಿಗೂ ಇಲಿಗಳ ಕಾಟವಿರುವುದರಿಂದ, ಅವನ್ನು ಇಡೀ ಉದ್ದಕ್ಕೂ ಕಣ್ಣಿಟ್ಟು ನೋಡಿಯೇ ಪ್ಲಗ್ ಹಾಕಬೇಕು. ಅಶ್ವಿನಿ, ಭರಣಿ ಮಳೆಯ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಟಿವಿ, ರೌಟರ್‌ಗಳ ಪ್ಲಗ್ಗನ್ನೂ ಕೇಬಲ್ಲನ್ನೂ ತೆಗೆದಿಟ್ಟರೆ ಬಹಳಷ್ಟು ರಿಪೇರಿಗಳ ಅಗತ್ಯವೇ ಬೀಳುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟದೆ ಮೊದಲು ಮೇನ್ ಇಳಿಸಬೇಕು. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಪ್ರಜ್ಞೆಯಿಲ್ಲದೆ, ಉಸಿರಾಟವಿಲ್ಲದೆ ಬಿದ್ದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯೂರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತಲೇ ಇರಬೇಕು. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಬೇಕು. ಉಪಕರಣಕ್ಕೆ ಬೆಂಕಿ ಹತ್ತಿದರೆ ಕರೆಂಟು ಕಡಿಯುವವರೆಗೆ ನೀರು ಎರಚಬಾರದು.

ರಿಪೇರಿಯಾದ ಮೇಲೆ

ಮುಚ್ಚಳ ಹಾಕಿ, ಬಿಚ್ಚಿದ ಸ್ಕ್ರೂಗಳೆಲ್ಲವೂ ತಮ್ಮ ಜಾಗಕ್ಕೆ ಸೇರಿದ ಬಳಿಕ, ಪ್ಲಗ್ಗನ್ನು ಸಾಕೆಟ್‌ಗೆ ಹಾಕುವ ಮೊದಲೇ ಎರಡು ಅಳತೆಗಳನ್ನು ಮಾಡಬೇಕು. ಪ್ಲಗ್ಗಿನ ದಪ್ಪ ಪಿನ್ನಿಗೂ ಉಪಕರಣದ ಲೋಹದ ಮೈಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಸಣ್ಣ ಪಿನ್ನುಗಳಿಗೂ ಲೋಹದ ಮೈಗೂ ನಡುವೆ ಯಾವ ಅಂಕಿಯೂ ಬರಬಾರದು. ಮಲ್ಟಿಮೀಟರ್ ಬಳಸುವುದು ಕೆಲವೇ ವೋಲ್ಟ್ ಆದ್ದರಿಂದ, 230 ವೋಲ್ಟ್ ಬಿದ್ದಾಗ ಮಾತ್ರ ಸೋರುವ ದುರ್ಬಲ ಇನ್ಸುಲೇಷನ್ ಅದರ ಕಣ್ಣಿಗೆ ಬೀಳದು. ನೀರು ಹೊಕ್ಕ ಅಥವಾ ಒಮ್ಮೆ ಶಾಕ್ ಕೊಟ್ಟ ಉಪಕರಣವನ್ನು ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಇರುವ ಮೆಕ್ಯಾನಿಕ್ ಬಳಿ 500 ವೋಲ್ಟ್‌ನಲ್ಲಿ ಪರೀಕ್ಷಿಸಿಯೇ ಮನೆಗೆ ತರಬೇಕು.

ಮೊದಲ ಸಲ ಚಾಲೂ ಮಾಡುವಾಗ ರಿಪೇರಿ ಅಂಗಡಿಗಳ ಸೀರೀಸ್ ಬೋರ್ಡ್ ಪದ್ಧತಿ ಬಹಳ ಉಪಯುಕ್ತ. ಅಲ್ಲಿ ಫೇಸ್ ತಂತಿಯ ನಡುವೆ 100 ವಾಟ್‌ನ ಹಳೆಯ ಬಲ್ಬೊಂದನ್ನು ಸೇರಿಸಿರುತ್ತಾರೆ. ಇಸ್ತ್ರಿ ಪೆಟ್ಟಿಗೆ, ಕಾಯಿಲ್ಲಿನಂಥವು ಸರಿಯಿದ್ದರೂ ಬಲ್ಬು ಪ್ರಕಾಶವಾಗಿ ಉರಿಯುತ್ತದೆ. ಆದರೆ ಸ್ವಿಚ್ ಆರಿಸಿರುವ ಮಿಕ್ಸಿಯನ್ನು ಸೇರಿಸಿದಾಗಲೂ ಬಲ್ಬು ಉರಿದರೆ ಎಲ್ಲೋ ಶಾರ್ಟ್ ಇದೆ. ಹೀಗೆ ದಾಟಿದ ಉಪಕರಣವನ್ನು ಆರ್‌ಸಿಸಿಬಿ ಇರುವ ಸಾಕೆಟ್‌ಗೆ ಹಾಕಿ, ಮೈ ಮುಟ್ಟದೆ ಹತ್ತು ನಿಮಿಷ ಎದುರಿಗಿದ್ದು ನೋಡಬೇಕು. ಮಿಕ್ಸಿಯಾದರೆ ಅಷ್ಟು ಹೊತ್ತು ಒಂದೇ ಸಮನೆ ಓಡಿಸದೆ ನಡುನಡುವೆ ನಿಲ್ಲಿಸಬೇಕು. ಅನಂತರ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಅದರ ಪಿನ್ನುಗಳ ಬಳಿ ಬೆರಳಿಟ್ಟಾಗ ಬಿಸಿ ತಾಗಿದರೆ ಪ್ಲಗ್ಗಿನ ಸ್ಕ್ರೂ ಸಡಿಲವಿದೆ ಅಥವಾ ಸಾಕೆಟ್ ಸವೆದಿದೆ. ಅದನ್ನು ಸರಿಪಡಿಸಿದ ಮೇಲೆಯೇ ಉಪಕರಣವನ್ನು ದಿನದ ಬಳಕೆಗೆ ಕೊಡಬೇಕು.